ಫಿಲ್ಟರ್ ನೀರು ಹಾಕಮ್ಮಾ

ನಮ್ಮ ಮನೆ ಓನರ್ ಕೆಮ್ಮುವುದು ಎರಡು ಸಲ. ಮೊದಲನೆಯದು ಗಂಟಲೊಳಗೇ ಗೊರಗುಟ್ಟಿ ನಿಂತುಹೋಗುತ್ತದೆ, ಚಳಿಗಾಲದ ಬೆಳಿಗ್ಗೆ ಸ್ಕೂಟರಿಗೆ ಹೊಡೆದ ಮೊದಲ ಕಿಕ್ಕಿನಂತೆ. ಎರಡನೆಯದು ಸ್ಟಾರ್ಟ್ ಆಗುತ್ತದೆ. ಅದರ ಬೆನ್ನಿಗೇ ‘ಹ್ಞಾ, ನೋಡಮ್ಮಾ...’ ಎಂದು ಮಾತು ಹೊರಡುತ್ತದೆ. ಎರಡು ಕೆಮ್ಮಿನ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕು ಎನ್ನುವುದನ್ನು ಅವರಂತೆಯೇ ಕೆಮ್ಮಿ ಕಲಿಯಲು ನನಗೆ ಒಂದಿಡೀ ಬೇಸಿಗೆ ರಜೆ ಬೇಕಾಯಿತು. ಅದೇ ರಜೆಯಲ್ಲಿ ಗಣಿತ ಮಾಡಿದ್ದರೆ ಪಿಯುಸಿಯಲ್ಲಿ ಒಂದಿಷ್ಟು ಮಾನ ಉಳಿಯುತ್ತಿತ್ತು. ಕೆಮ್ಮು ಮಾತ್ರ ಫಸ್ಟ್ ಕ್ಲಾಸಾಗಿ ಬಂತು.

ಇದು ನಾಲ್ಕು ವರ್ಷದ ಹಿಂದಿನ ಮಾತು. ಆ ಕೆಮ್ಮಿನಿಂದ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿಯವರೆಗೆ ಯಾರೆದುರಿಗೂ ನೆಟ್ಟಗೆ ಹೇಳಿಲ್ಲ. ತಮಾಷೆ ಮಾಡಿ ಹೇಳಿದ್ದೇನೆ, ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಹಾಗೆ ಹೇಳಿದಾಗೆಲ್ಲ ಕೊನೆಯ ಭಾಗ ಬಿಟ್ಟು ಹೇಳಿದ್ದೇನೆ.

ಬೆಂಗಳೂರಿನ ಆರ್.ಟಿ. ನಗರದಲ್ಲಿ ಬಸ್‌ಸ್ಟಾಪಿನಿಂದ ಎರಡನೇ ತಿರುವಿನಲ್ಲಿ ನಮ್ಮ ಕಟ್ಟಡ. ಮೇಲೆ ಓನರ್, ಕೆಳಗೆ ಮೂರು ಬಾಡಿಗೆ ಮನೆ. ಒಂದು ನಮ್ಮದು, ಒಂದು ನಾವೆಲ್ಲ ಖಾಲಾ, ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ಎಂದು ಕರೆಯುತ್ತಿದ್ದವರದು. ಮೂರನೆಯದಕ್ಕೆ ಆ ವರ್ಷ ಧಾರವಾಡದ ಕಡೆಯಿಂದ ಗಂಡ ಹೆಂಡತಿ ಬಂದರು. ಗಂಡನಿಗೆ ಯಶವಂತಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಹೆಂಡತಿಗೆ ನಮ್ಮಮ್ಮನ ವಯಸ್ಸು. ಮೊದಲ ದಿನ ನಾನು ‘ಆಂಟಿ’ ಅಂದೆ. ‘ಆಂಟಿ ಗೀಂಟಿ ಬ್ಯಾಡಪಾ. ಕಾಕು ಅನ್ನು. ನಮ್ ಕಡೆ ಚಿಕ್ಕಮ್ಮಗ ಹಂಗ ಅಂತಾರ’ ಅಂದರು.

ಕಾಕು ರೈಲಿಳಿದು ಆಟೋದಲ್ಲಿ ಬಂದಾಗ ಟ್ರಂಕು, ಹಾಸಿಗೆ ಸುರುಳಿ ಎಲ್ಲ ಗಂಡನ ಸುತ್ತ ಇದ್ದವು. ಅವರ ತೊಡೆಯ ಮೇಲೆ ಮಾತ್ರ ಒಂದು ಬಿಸ್ಕತ್ತಿನ ತಗಡಿನ ಡಬ್ಬ, ಅದರೊಳಗೆ ಒದ್ದೆ ಬಟ್ಟೆ ಸುತ್ತಿದ ಜರಿಗಿಡ. ಹೂವಿಲ್ಲ, ಹಣ್ಣಿಲ್ಲ, ಕೂದಲಿನಂಥ ಕಪ್ಪು ಕಡ್ಡಿಗಳ ಮೇಲೆ ಹಸಿರು ಎಲೆಯ ಪುಡಿ. ನಮ್ಮಮ್ಮ ‘ಇದನ್ನ ಹೊತ್ಕೊಂಡು ಬಂದ್ರಾ!’ ಎಂದು ಕೇಳಿಯೇಬಿಟ್ಟಳು. ಅದು ಅವರ ತಾಯಿಯ ಹಿತ್ತಲ ಬಾವಿಯ ಕಲ್ಲಿನ ಸಂದಿನಲ್ಲಿ ಬೆಳೆದದ್ದಂತೆ. ತಾಯಿ ಹೋದರು, ಮನೆ ಬೇರೆಯವರದಾಯಿತು, ಕೊಂಡವರು ಬಾವಿ ಮುಚ್ಚಿಸಿದರು. ಮುಚ್ಚುವ ಮೊದಲು ಅಕ್ಕತಂಗಿಯರು ಗಿಡವನ್ನು ಎರಡು ಪಾಲು ಮಾಡಿಕೊಂಡಿದ್ದರು. ತಂಗಿಯ ಪಾಲು ಬೇಸಿಗೆಯಲ್ಲಿ ಒಣಗಿಹೋಗಿತ್ತು. ದೀಪಾವಳಿಗೆ ಬರುತ್ತೇನೆ, ನಿನ್ನದರಲ್ಲಿ ಒಂದು ಪಾಲು ಕೊಡು ಎಂದು ತಂಗಿ ಕಾಗದ ಬರೆದಿದ್ದಳು. ‘ಅಲ್ಲೀತನ ಇದನ್ನ ಬದುಕಿಸಿ ಇಡಬೇಕು ನೋಡ್ರಿ, ಇನ್ನೆಲ್ಲೂ ಇಲ್ಲ ಇದು’ ಎಂದು ಕಾಕು ನಮ್ಮಮ್ಮನಿಗೆ ಹೇಳಿದ್ದು ನಾನೇ ಕೇಳಿಸಿಕೊಂಡೆ. ಬಿಸಿಲು ತಡೆಯದ ಗಿಡವಾದ್ದರಿಂದ ಅದಕ್ಕೆ ಮುಂದಿನ ಕೋಣೆಯೊಳಗೆ, ಕಿಟಕಿಯ ಪಕ್ಕ ಒಂದು ಸ್ಟೂಲ್ ಸಿಕ್ಕಿತು. ಬಂದವರು ನೆಲದ ಮೇಲೆ, ಗಿಡ ಸ್ಟೂಲಿನ ಮೇಲೆ.

ಈಗ ನಮ್ಮ ಕಟ್ಟಡದ ನೀರಿನ ವಿಷಯ ಹೇಳಬೇಕು. ನಲ್ಲಿಯಲ್ಲಿ ದಿನವಿಡೀ ಬರುತ್ತಿದ್ದದ್ದು ಬೋರ್ ನೀರು. ಅದರಲ್ಲಿ ಬೇಳೆ ಬೇಯದು, ಸೋಪು ನೊರೆ ಬಿಡದು, ಬಕೆಟ್ಟಿನ ಒಳಗೆ ಸುಣ್ಣ ಬಳಿದಂತೆ ಬಿಳಿ ಗೆರೆ. ಅಂಗಳದ ಗುಂಡಿಯೊಳಗಿನ ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ, ಬೆಳಿಗ್ಗೆ ಒಂದು ಗಂಟೆ ಬರುತ್ತಿದ್ದದ್ದು ಕಾರ್ಪೊರೇಷನ್ ನೀರು. ಅದು ಮನೆಗೆ ಎರಡೇ ಕೊಡ, ಸರದಿ ತಪ್ಪಿದರೆ ಅದೂ ಇಲ್ಲ. ಆ ಎರಡು ಕೊಡ ಅನ್ನಕ್ಕೆ, ಬೇಳೆಗೆ. ಹಾಗಾದರೆ ಕುಡಿಯಲು? ಕುಡಿಯಲು ಫಿಲ್ಟರ್ ಇತ್ತಲ್ಲ! ಒಂದರ ಮೇಲೊಂದು ಕೂತ ಎರಡು ಸ್ಟೀಲ್ ಡಬ್ಬ, ನಡುವೆ ನೀರು ಸೋಸುವ ಬಿಳಿಯ ಕ್ಯಾಂಡಲ್, ಕೆಳಗೆ ಪುಟ್ಟ ನಲ್ಲಿ. ಮೇಲೆ ಬೋರ್ ನೀರು ಸುರಿದರೆ ಕೆಳಗೆ ಗಂಗೆ ಇಳಿಯುತ್ತಾಳೆ ಎಂದು ನಾಲ್ಕೂ ಮನೆಯವರ ನಂಬಿಕೆ. ಓನರ್ ಮನೆಯಲ್ಲಂತೂ ಫಿಲ್ಟರಿಗೆ ಕುಂಕುಮ ಇಟ್ಟಿದ್ದರು.

ಬೋರಿನ ಮೋಟರ್ ಸ್ವಿಚ್ಚು ಓನರ್ ಮನೆಯಲ್ಲಿ. ಬಚ್ಚಲುಮನೆಗಳ ಹಿಂದೆ ಗಾಳಿಬೆಳಕಿಗೆಂದು ಬಿಟ್ಟ ಬಾವಿಯಂಥ ಒಂದು ಸಂದು, ನಾಲ್ಕೂ ಮನೆಯ ಬಚ್ಚಲ ಕಿಟಕಿ ಅದಕ್ಕೇ ತೆರೆಯುತ್ತಿದ್ದವು. ಕೆಳಗಿನ ಹೆಂಗಸರು ಅಲ್ಲಿಂದ ತಲೆಯೆತ್ತಿ ‘ಮೋಟರ್ ಹಾಕ್ರೀ’ ಎಂದು ಕೂಗುವುದು, ಮೇಲಿಂದ ‘ಟ್ಯಾಂಕ್ ತುಂಬ್ತು, ಬಿಂದಿಗೆ ಇಡಿ’ ಎಂದು ಉತ್ತರ ಬರುವುದು. ನೀರಿನ ವ್ಯವಹಾರವೆಲ್ಲ ಆ ಸಂದಿನಲ್ಲೇ. ಯಾರಿಗೂ ಯಾರ ಮುಖವೂ ಕಾಣುತ್ತಿರಲಿಲ್ಲ, ದನಿ ಮಾತ್ರ, ಅದೂ ಗೋಡೆಗೆ ಬಡಿದು ಮೇಲಿನದೋ ಕೆಳಗಿನದೋ ತಿಳಿಯದಂತೆ. ನನ್ನಂಥವನಿಗೆ ದೇವರೇ ಕಟ್ಟಿಸಿಕೊಟ್ಟ ರಂಗಮಂದಿರ ಅದು.

ಆಗ ನಾನು ಎಲ್ಲರ ದನಿ ತೆಗೆಯುತ್ತಿದ್ದೆ. ಬಸ್ ಕಂಡಕ್ಟರ್, ಸೊಪ್ಪಿನವಳು, ಖಾಲಾ ಮಕ್ಕಳನ್ನು ಬೈಯುವುದು, ನಮ್ಮಪ್ಪ ಸಂಬಂಧಿಕರ ಮುಂದೆ ಇಂಗ್ಲಿಷ್ ಆಡುವುದು. ನನ್ನದೇ ದನಿ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ತೋರಿಸಲು ಬರುತ್ತಿರಲಿಲ್ಲ. ಒಡೆದ ಗಂಟಲು, ಅರ್ಧ ಕಾಗೆ, ಅರ್ಧ ಮೇಕೆ. ಕಾಕು ಬಂದ ವಾರದಲ್ಲೇ ಅವರ ಮಾತನ್ನೂ ಹಿಡಿದೆ. ‘ಹೌದಲ್ಲೋ’, ‘ಭಾಳ ಚಲೋ ಆತು ನೋಡು’. ಅವರೆದುರಿಗೇ ಮಾಡಿ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ‘ಎಲಾ ಇವನ! ನಮ್ಮೂರಿಗೆ ಹೋದ್ರ ನಿನಗ ಹೆಣ್ಣು ಕೊಡ್ತಾರ’ ಅಂದರು.

ಮಳೆಗಾಲದ ಹೊತ್ತಿಗೆ ಜರಿಗಿಡದ ಎಲೆಯ ತುದಿಗಳು ಕಂದು ಹಿಡಿದವು. ಕಾಕು ಅದಕ್ಕೆ ನಲ್ಲಿಯ ಬೋರ್ ನೀರನ್ನೇ ಹಾಕುತ್ತಿದ್ದರು. ಅಂಗಳದಲ್ಲಿ ಚರ್ಚೆ ಶುರುವಾಯಿತು. ನಮ್ಮಮ್ಮ, ‘ನಲ್ಲಿ ನೀರೇ ಸಾಕು ಕಣ್ರೀ, ಗಿಡಕ್ಕೇನು ಹೊಟ್ಟೆ ಕೆಡುತ್ತಾ?’ ಅಂದಳು. ಖಾಲಾ ಒಬ್ಬರೇ, ‘ಬೋರ್ ನೀರು ಬೇಡ ಅಕ್ಕಾ. ನಮ್ದು ಗುಲಾಬಿ ಹಿಂಗೇ ಹೋಯ್ತು. ಕಾರ್ಪೊರೇಷನ್ ನೀರು ಒಂದ್ ಚೊಂಬು ಹಿಡಿದಿಡಿ, ಮಾರನೇ ದಿನ ಹಾಕಿ’ ಅಂದರು. ಕಾಕು ಇಬ್ಬರ ಮಾತಿಗೂ ತಲೆಯಾಡಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಫಿಲ್ಟರ್. ಆದರೆ ಧೈರ್ಯವಿಲ್ಲ. ಇದ್ದದ್ದೊಂದೇ ಗಿಡ, ತಪ್ಪಿದರೆ ಮುಗಿಯಿತು. ತಿಳಿದವರು ಹೇಳಬೇಕು. ತಿಳಿದವರೆಂದರೆ ಓನರ್. ಹೆಬ್ಬಾಳದ ಕಡೆ ಬೇಸಾಯಕ್ಕೆ ಸಂಬಂಧಿಸಿದ ಯಾವುದೋ ಆಫೀಸಿನಲ್ಲಿ ಬೀಜದ ಮೂಟೆಗಳಿಗೆ ಚೀಟಿ ಅಂಟಿಸಿ ರಿಟೈರಾಗಿದ್ದವರು. ಅಷ್ಟಕ್ಕೇ ಅವರನ್ನು ಕಟ್ಟಡದಲ್ಲಿ ಎಲ್ಲರೂ ಗಿಡಮರದ ಡಾಕ್ಟರ್ ಎಂದು ತಿಳಿದಿದ್ದರು.

ಒಂದು ಬೆಳಿಗ್ಗೆ ನಾನು ಬಚ್ಚಲಲ್ಲಿದ್ದೆ, ಮೈಗೆಲ್ಲ ನೊರೆ ಬಾರದ ಸೋಪು. ಸಂದಿನಲ್ಲಿ ಕಾಕು ದನಿ ಬಂತು: ‘ಸಾಹೇಬ್ರ, ಮನ್ಯಾಗ ಅದೀರೇನ್ರಿ? ಒಂದು ಮಾತು ಕೇಳೂದಿತ್ತು. ಗಿಡಕ್ಕ ನಳದ ನೀರು ಹಾಕ್ಲೋ, ಫಿಲ್ಟರ್ ನೀರು ಹಾಕ್ಲೋ?’

ಓನರ್ ಸ್ಕೂಟರ್ ಬಾಗಿಲಲ್ಲಿಲ್ಲದ್ದನ್ನು ಸ್ನಾನಕ್ಕೆ ಬರುವ ಮೊದಲೇ ನೋಡಿದ್ದೆ. ಸ್ಕೂಟರ್ ಇಲ್ಲವೆಂದರೆ ಓನರ್ ಇಲ್ಲ. ನಾನು ಕೆಮ್ಮಿದೆ, ಒಂದು. ಬೇಕಾದಷ್ಟು ಹೊತ್ತು ಬಿಟ್ಟೆ. ಇನ್ನೊಂದು.

‘ಹ್ಞಾ, ನೋಡಮ್ಮಾ... ಫಿಲ್ಟರ್ ನೀರು ಹಾಕಮ್ಮಾ. ಬೆಳಿಗ್ಗೆ ಒಂದ್ ಲೋಟ, ಸಾಯಂಕಾಲ ಒಂದ್ ಲೋಟ. ಗಿಡ ಅಂದ್ರೆ ಕೂಸು ಇದ್ದಂಗೆ ಕಣಮ್ಮಾ.’

‘ಹಂಗಾಗ್ಲಿ ಸಾಹೇಬ್ರ. ದೊಡ್ಡ ಉಪಕಾರ ಆತು.’

ನಗು ತಡೆಯಲು ಟವಲನ್ನು ಬಾಯಿಗೆ ತುರುಕಿಕೊಂಡೆ. ಸಂಜೆ ಟೆರೇಸಿನಲ್ಲಿ ಗೆಳೆಯರಿಗೆ ಎರಡೂ ಪಾತ್ರ ಮಾಡಿ ತೋರಿಸಿದೆ. ‘ಮಗಾ, ಆ ಕೂಸಿಂದು ಇನ್ನೊಂದ್ ಸಲ ಮಾಡೋ’ ಎಂದು ಅವರು ಹೇಳಿದಷ್ಟೂ ಸಲ ಮಾಡಿದೆ.

ತಮಾಷೆ ಅಷ್ಟಕ್ಕೇ ಮುಗಿಯುತ್ತದೆ, ನಾಳೆ ನಾಡಿದ್ದರಲ್ಲಿ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಗೊತ್ತಾಗಲಿಲ್ಲ. ನಾನು ಹೇಳಿದಂತೆಯೇ ಕಾಕು ಮಾಡತೊಡಗಿದರು. ಬೆಳಿಗ್ಗೆ ಒಂದು ಲೋಟ, ಸಾಯಂಕಾಲ ಒಂದು ಲೋಟ. ಅವರ ಫಿಲ್ಟರ್ ಸಣ್ಣದು, ಕ್ಯಾಂಡಲ್ ಹಳೆಯದು, ಹನಿ ಹನಿಯಾಗಿ ಇಳಿಯುವುದು. ಗಿಡಕ್ಕೆ ಕೊಟ್ಟು ಗಂಡನ ಬಾಟಲಿ ತುಂಬಿದರೆ ಅವರಿಗೆ ಉಳಿಯುತ್ತಿರಲಿಲ್ಲ, ನಲ್ಲಿಯ ನೀರನ್ನೇ ಕುಡಿಯುತ್ತಿದ್ದರು. ವಾರಕ್ಕೊಮ್ಮೆ ಹಿತ್ತಲ ಕಲ್ಲಿನ ಮೇಲೆ ಕೂತು ಕ್ಯಾಂಡಲನ್ನು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜುವುದು. ಸ್ಟೂಲಿನ ಮುಂದೆ ನಿಂತು, ‘ಕುಡಿ ನಮ್ಮವ್ವಾ. ಸಾಹೇಬ್ರು ಹೇಳ್ಯಾರ. ಕುಡದು ಚಿಗುರು’ ಎನ್ನುವುದು. ಅದೂ ನನ್ನ ಆಟಕ್ಕೆ ಸೇರಿತು, ಹೊಸ ಸೀನು.

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದಾಗ ನಮ್ಮ ಮನೆಗೆ ಬೀಗ. ಕಾಕು ಕರೆದು ಕೂರಿಸಿದರು. ನೀರು ಕೇಳಿದೆ. ಫಿಲ್ಟರಿನ ನಲ್ಲಿ ತಿರುಗಿಸಿದರು, ಅರ್ಧ ಲೋಟಕ್ಕೆ ನಿಂತುಹೋಯಿತು. ಆ ಅರ್ಧ ಲೋಟವನ್ನು ನನ್ನ ಕೈಗೆ ಕೊಟ್ಟು, ‘ಸಂಜೀದು ಗಿಡದ ಪಾಲು ಇದು. ಇರ್ಲಿ, ನೀನೂ ಕೂಸ ಅಲ್ಲೇನು, ಕುಡಿ’ ಅಂದರು. ಕುಡಿದೆ. ಸಣ್ಣಗೆ ಉಪ್ಪಿನ ರುಚಿ. ಸ್ಟೂಲಿನ ಮೇಲೆ ಗಿಡದ ಅರ್ಧದಷ್ಟು ಕಡ್ಡಿಗಳು ಬೋಳಾಗಿದ್ದವು. ಮಣ್ಣಿನ ಮೇಲೆ ಬಿಳಿಯ ಹೆಪ್ಪು ಕಟ್ಟಿತ್ತು. ನಾನು ಅವತ್ತೇ ಹೇಳಬಹುದಾಗಿತ್ತು. ಲೋಟ ತೊಳೆದಿಟ್ಟು ಬಂದೆ.

ಆ ಬಿಳಿ ಹೆಪ್ಪು ಏನೆಂದು ತಿಳಿದದ್ದು ಎರಡು ವಾರದ ನಂತರ, ಕೆಮಿಸ್ಟ್ರಿ ಕ್ಲಾಸಿನಲ್ಲಿ. ನಾನು ಹಿಂದಿನ ಬೆಂಚಿನಲ್ಲಿ ಮೇಷ್ಟ್ರ ಮೂಗಿನ ದನಿಯನ್ನು ಹಿಡಿಯಲು ಕಿವಿ ಕೊಟ್ಟು ಕೂತಿದ್ದೆ, ಪಾಠಕ್ಕಲ್ಲ. ಮೇಷ್ಟ್ರು ಕಾಲೇಜಿನ ಬೋರ್ ನೀರನ್ನು ಸೋಸುವ ಕಾಗದದಲ್ಲಿ ಸೋಸಿದರು. ಕನ್ನಡಿಯಂಥ ನೀರು ಇಳಿಯಿತು. ಅದನ್ನೇ ಬಟ್ಟಲಿಗೆ ಹಾಕಿ ನೀರೆಲ್ಲ ಆವಿಯಾಗುವವರೆಗೆ ಕಾಯಿಸಿದರು. ತಳದಲ್ಲಿ ಬಿಳಿಯ ಪುಡಿ ಉಳಿಯಿತು. ‘ನೀರಿನಲ್ಲಿ ಕರಗಿದ ಲವಣ ಸೋಸಿದ್ರೆ ಹೋಗಲ್ಲ. ಕೆಸರು ಹೋಗುತ್ತೆ, ಉಪ್ಪು ಉಳಿಯುತ್ತೆ’ ಎಂದು ಬಟ್ಟಲನ್ನು ಎತ್ತಿ ಎಲ್ಲರಿಗೂ ತೋರಿಸಿದರು. ನನಗೆ ಬಟ್ಟಲು ಕಾಣಲಿಲ್ಲ, ಬಿಸ್ಕತ್ತಿನ ಡಬ್ಬ ಕಂಡಿತು. ನಲ್ಲಿ ನೀರಿಗೂ ಫಿಲ್ಟರ್ ನೀರಿಗೂ ಆ ಗಿಡದ ಮಟ್ಟಿಗೆ ಏನೂ ವ್ಯತ್ಯಾಸವಿರಲಿಲ್ಲ. ನನ್ನ ಮಾತಿನಿಂದ ಅದು ದಿನಕ್ಕೆ ಎರಡು ಲೋಟ ಉಪ್ಪು ಕುಡಿಯುತ್ತಿತ್ತು. ಖಾಲಾ ಹೇಳಿದ್ದೇ ಸರಿ. ಖಾಲಾ ಹೇಳಿದ್ದನ್ನು ನನ್ನ ಕೆಮ್ಮು ಹೊಡೆದುಹಾಕಿತ್ತು.

ದೀಪಾವಳಿಗೆ ತಿಂಗಳಿಗಿಂತ ಕಡಿಮೆ ಇತ್ತು. ಹೋಗಿ ‘ಕಾಕು, ಅವತ್ತು ಮಾತಾಡಿದ್ದು ಓನರ್ ಅಲ್ಲ, ನಾನು’ ಎಂದರೆ ಮುಗಿಯುತ್ತಿತ್ತು. ಎರಡು ಸಲ ಅವರ ಬಾಗಿಲವರೆಗೆ ಹೋದೆ. ಒಂದು ಸಲ ಅವರು ಚಕ್ಕುಲಿ ಕೊಟ್ಟರು, ತಿಂದು ಬಂದೆ. ಇನ್ನೊಂದು ಸಲ ‘ಸಾಹೇಬ್ರ ದನಿ ಮಾಡು, ನಗಬೇಕು ಅನಸ್ತದ’ ಅಂದರು. ‘ಗಂಟ್ಲು ಕಟ್ಟಿದೆ ಕಾಕು’ ಅಂದೆ.

ಆಗ ನನ್ನ ಘನ ಬುದ್ಧಿಗೆ ಇನ್ನೊಂದು ಉಪಾಯ ಹೊಳೆಯಿತು. ತಪ್ಪು ಹೇಳಿದವನು ಓನರ್ ಅಲ್ಲವೆ? ಸರಿಯಾದದ್ದನ್ನೂ ಓನರೇ ಹೇಳಲಿ. ಗಿಡ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಮಾರನೆಯ ದಿನ ಕಾಲೇಜಿನಿಂದ ಬೇಗ ಬಂದೆ. ಬಾಗಿಲಲ್ಲಿ ಸ್ಕೂಟರ್ ಇರಲಿಲ್ಲ. ನೇರ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಕೆಮ್ಮಿದೆ. ಕೆಮ್ಮಿದೆ.

‘ಹ್ಞಾ, ನೋಡಮ್ಮಾ... ಮೂರನೇ ಮನೆ ಅಮ್ಮಾ, ಇದ್ದೀಯೇನಮ್ಮಾ?’

ಕಾಕು ಹತ್ತಿರದಿಂದಲೇ, ‘ಅದೀನ್ರಿ ಸಾಹೇಬ್ರ. ಹೇಳ್ರಿ.’

‘ಆ ಗಿಡಕ್ಕೆ ಫಿಲ್ಟರ್ ನೀರು ನಿಲ್ಲಿಸ್ಬಿಡಮ್ಮಾ. ಮೇಲಿನ ಬಿಳೀ ಮಣ್ಣು ಕೆರೆದು ತೆಗಿ. ಕಾರ್ಪೊರೇಷನ್ ನೀರು ಹಿಡಿದಿಟ್ಟು, ಒಂದಿನ ಬಿಟ್ಟು ಹಾಕು. ಮಣ್ಣು ಒಣಗಿದಾಗ ಮಾತ್ರ.’

‘ಹಂಗಾದ್ರ ಮೊದಲ ಯಾಕ ಫಿಲ್ಟರ್ ನೀರು ಹಾಕು ಅಂದ್ರಿ?’

‘ಆಗ ಏನೋ... ತಪ್ಪು ಹೇಳ್ಬಿಟ್ಟೆ ಕಣಮ್ಮಾ. ವಯಸ್ಸಾಯ್ತು ನೋಡು.’

ಕಾಕು ಮನೆಯೊಳಗಿಂದ ಒಂದು ಕೆಮ್ಮು ಬಂತು. ಬೇಕಾದಷ್ಟು ಹೊತ್ತು ಬಿಟ್ಟು ಇನ್ನೊಂದು. ನನ್ನದಕ್ಕಿಂತ ಚೆನ್ನಾಗಿತ್ತು.

‘ಯಾರೋ ಅದು ವಯಸ್ಸಾದೋನು? ಬಾರೋ ಈಚೆಗೆ!’

ಸ್ಕೂಟರ್ ರಿಪೇರಿಗೆ ಹೋಗಿತ್ತು. ಗಿಡ ಸಾಯುತ್ತಿದೆ, ನೀವು ಹೇಳಿದಂತೆಯೇ ಮಾಡಿದ್ದೇನೆ, ಬಂದು ನೋಡಿ ಎಂದು ಕಾಕುವೇ ಓನರನ್ನು ಕೆಳಗೆ ಕರೆಸಿದ್ದರು. ನಾನ್ಯಾವಾಗ ಹೇಳಿದೆ ಎಂದು ಅವರು ತಲೆ ಕೆರೆದುಕೊಳ್ಳುತ್ತಿದ್ದಾಗಲೇ ಅವರ ದನಿ ಬಚ್ಚಲಿನಿಂದ ಬಂದಿತ್ತು.

ಹೋದೆ. ಇನ್ನೆಲ್ಲಿಗೆ ಹೋಗುವುದು? ಓನರ್ ನಿಂತು ಕೂಗುತ್ತಿದ್ದರು, ‘ಮನೆ ಖಾಲಿ ಮಾಡಿಸ್ತೀನಿ’ ಎನ್ನುವವರೆಗೆ. ನಮ್ಮಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಖಾಲಾ ಬಾಗಿಲಲ್ಲಿ ನಿಂತರು. ಅವರೆಲ್ಲ ಬೈದದ್ದು ನನಗೆ ಅಷ್ಟು ನೆನಪಿಲ್ಲ. ಕಾಕು ನೆಲದ ಮೇಲೆ ಕೂತಿದ್ದರು. ನನ್ನನ್ನು ನೋಡಿ, ‘ಈಗ ಹೇಳಿದ್ದು ಖರೇನೋ, ಅದೂ ಸುಳ್ಳೋ?’ ಎಂದು ಕೇಳಿದರು.

‘ನಿಜ ಕಾಕು. ಕಾಲೇಜಲ್ಲಿ ತೋರಿಸಿದ್ರು.’ ನನ್ನ ಕಾಗೆ ದನಿ, ಮೇಕೆ ದನಿ ಎರಡೂ ಒಟ್ಟಿಗೆ ಬಂದವು. ಯಾರೂ ನಗಲಿಲ್ಲ.

‘ನಾ ಹೊಸದಾಗಿ ಬಂದಾಕಿ. ನಿಮ್ಮ ಊರಾಗ ಯಾರನ್ನ ಕೇಳ್ಬೇಕು ನನಗೇನು ಗೊತ್ತು? ದನಿ ಕೇಳಿ ನಂಬಿದೆ’ ಅಂದರು. ಆಮೇಲೆ ಖಾಲಾ ಕಡೆ ತಿರುಗಿ, ‘ನೀವು ಮೊದಲ ದಿನಾನ ಹೇಳಿದ್ರಿ. ನಿಮ್ಮ ಮಾತು ಬಿಟ್ಟೆ ನಾ’ ಅಂದರು. ಖಾಲಾ, ‘ಹೋಗ್ಲಿ ಬಿಡಿ ಅಕ್ಕಾ’ ಎಂದು ಒಳಗೆ ಬಂದು, ಸೆರಗು ಸಿಕ್ಕಿಸಿ, ಚಮಚದಿಂದ ಬಿಳಿ ಮಣ್ಣು ಕೆರೆಯಲು ಕೂತರು. ನನ್ನ ಆಟಕ್ಕೆ ಸದಾ ಮೊದಲು ನಗುತ್ತಿದ್ದ ಖಾಲಾ ಅವತ್ತು ನನ್ನ ಕಡೆ ನೋಡಲೇ ಇಲ್ಲ.

ಅಂದಿನಿಂದ ಕಾರ್ಪೊರೇಷನ್ ನೀರಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಗುಂಡಿಗಿಳಿದು, ಒಂದು ಚೊಂಬು ಹಿಡಿದು ಕಾಕು ಬಾಗಿಲಲ್ಲಿ ಇಡುತ್ತಿದ್ದೆ. ಅವರು ತೆಗೆದುಕೊಳ್ಳುತ್ತಿದ್ದರು. ‘ಇಡು’ ಎನ್ನುವರು, ಅಷ್ಟೇ. ಸಂದಿನಲ್ಲಿ ಅವರ ದನಿ ಮತ್ತೆ ಕೇಳಲಿಲ್ಲ. ಮೋಟರ್ ಹಾಕಿಸಬೇಕಾದರೆ ಮೆಟ್ಟಿಲು ಹತ್ತಿ ಮೇಲೆ ಹೋಗಿ, ಓನರ್ ಮುಖ ನೋಡಿಯೇ ಹೇಳಿ ಬರುತ್ತಿದ್ದರು. ಅವರಿಗೆ ಮಂಡಿನೋವು ಇತ್ತು. ಒಂದೊಂದು ಮೆಟ್ಟಿಲಿಗೂ ನಿಂತು ಹತ್ತುವ ಸದ್ದು ನನ್ನ ಓದುವ ಜಾಗಕ್ಕೆ ಕೇಳುತ್ತಿತ್ತು.

ದೀಪಾವಳಿಗೆ ತಂಗಿ ಬಂದರು. ಕೈಯಲ್ಲಿ ಅಂಥದೇ ಒಂದು ತಗಡಿನ ಡಬ್ಬ, ಒಳಗೆ ಮಡಿಸಿದ ಬಟ್ಟೆ. ನಾನು ಚೊಂಬು ಇಡಲು ಹೋದಾಗ ಅಕ್ಕತಂಗಿಯರು ಸ್ಟೂಲಿನ ಮುಂದೆ ಕೂತಿದ್ದರು. ಗಿಡದಲ್ಲಿ ಮೂರು ಕಡ್ಡಿ ಹಸಿರಿದ್ದವು, ಬುಡದಲ್ಲಿ ಸುರುಳಿ ಬಿಚ್ಚದ ಒಂದು ಚಿಗುರು. ತಂಗಿ ಬೆರಳಿನಿಂದ ಬುಡವನ್ನು ಮುಟ್ಟಿ ನೋಡಿದರು. ಈಳಿಗೆ ಪಕ್ಕದಲ್ಲಿತ್ತು.

‘ಇದನ್ನ ಒಡದ್ರ ಎರಡೂ ಹೋಗ್ತಾವ ಅಕ್ಕಾ’ ಅಂದರು. ‘ಇರ್ಲಿ. ಇಲ್ಲೇ ಇರ್ಲಿ. ಹಿಂಗ ಯಾಕ ಆತು?’

ಚೊಂಬು ನನ್ನ ಕೈಯಲ್ಲೇ ಇತ್ತು. ಕಾಕು ನನ್ನನ್ನು ನೋಡಿದರು, ಗಿಡವನ್ನು ನೋಡಿದರು. ‘ಇಲ್ಲಿ ನೀರು ಅದಕ್ಕ ಹಿಡೀಲಿಲ್ಲ’ ಅಂದರು. ಎರಡು ತಿಂಗಳು ಬಿಸ್ಕತ್ತಿನ ಡಬ್ಬಕ್ಕೆ ಏನು ಸುರಿದರು, ಯಾರು ಸುರಿಸಿದರು, ಒಂದೂ ಹೇಳಲಿಲ್ಲ. ನಾನು ಬಾಯಿ ತೆರೆಯುವುದಕ್ಕೆ ಅವರು ಜಾಗ ಬಿಟ್ಟಿದ್ದರು ಎಂದು ಈಗ ಅನ್ನಿಸುತ್ತದೆ. ಚೊಂಬು ಇಟ್ಟು ಬಂದೆ.

ಹೊರಡುವ ದಿನ ತಂಗಿಯವರ ಚೀಲ ಹೊತ್ತು ಬಸ್‌ಸ್ಟಾಪಿಗೆ ನಾನೇ ಹೋದೆ. ಕೇಳಿಕೊಂಡು ಹೋದೆ. ದಾರಿಯಲ್ಲಿ ಹೇಳಿಬಿಡಬೇಕೆಂದು ಹಿಂದಿನ ದಿನವೇ ಮಾತು ಜೋಡಿಸಿಟ್ಟಿದ್ದೆ, ನನ್ನದೇ ದನಿಯಲ್ಲಿ. ಅವರು ಖಾಲಿ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಿದ್ದರು. ಬಸ್‌ಸ್ಟಾಪಿನಲ್ಲಿ ನಿಂತ ಮೇಲೆ ‘ನಿಮ್ಮ ಹತ್ರ ಒಂದ್ ಮಾತು...’ ಎಂದು ಶುರು ಮಾಡಿದೆ.

‘ನೀನ ಅಲ್ಲೇನು, ಎಲ್ಲಾರ ದನಿ ತಗಿಯಾವ?’ ಅಂದರು ಅವರು. ‘ಬಂದ ಹೊಸದಾಗಿ ಅಕ್ಕ ಕಾಗದದಾಗ ಬರದಿದ್ಲು. ಈ ಊರಾಗ ಯಾರೂ ಮಾತಾಡಸೂದಿಲ್ಲ, ಒಬ್ಬ ಹುಡುಗ ಅದಾನ, ಭಾಳ ನಗಸ್ತಾನ ಅಂತ. ಒಂದು ಮಾಡು, ನೋಡೋಣು.’

ಚೀಲ ಕೆಳಗಿಟ್ಟೆ. ಮೂಲೆ ತಿರುಗಿ ಬಸ್ಸು ಬರುವುದು ಕಾಣಿಸಿತು. ನಾನು ಕುತ್ತಿಗೆ ಓರೆ ಮಾಡಿ, ಬೆರಳ ಸಂದಿನಲ್ಲಿ ಇಲ್ಲದ ಟಿಕೆಟ್ ಹಿಡಿದು, ‘ಮೆಜೆಸ್ಟಿಕ್ ಮೆಜೆಸ್ಟಿಕ್ ಮೆಜೆಸ್ಟಿಕ್! ಒಳಗ್ ನಡೀರೀ, ಒಳಗ್ ನಡೀರೀ, ಡಬ್ಬ ಇರೋರು ಡಬ್ಬ ಎತ್ಕಳಿ!’ ಅಂದೆ.

ಅವರು ನಕ್ಕರು. ಕಾಕು ನಗುವ ಹಾಗೆಯೇ, ಜೋರಾಗಿ. ನಗುತ್ತಲೇ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತು ಖಾಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡರು.